ಅಜ್ಜನ ಮುಖಕ್ಕೆ ನನ್ನ ಕೆನ್ನೆ

ನಮ್ಮ ಮನೆತನದಲ್ಲಿ ಸತ್ತ ಮೇಲೆ ಬೆಳ್ಳಿಯಾದವನು ನಮ್ಮಜ್ಜ. ಬದುಕಿರುವಾಗಲೇ ಬೆಳ್ಳಿಯಾದವನು ನಾನು. ಗಟ್ಟಿ ಬೆಳ್ಳಿಯೆಂದು ತಿಳಿದು ಯಾರೂ ಕದಿಯಲು ಹೋಗಬೇಡಿ. ಒಳಗೆ ಅರಗು, ಅದರ ಮೇಲೆ ತಾಮ್ರದ ಚಿಪ್ಪು, ತಾಮ್ರದ ಮೇಲೆ ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಒಂದಿಷ್ಟು ಬೆಳ್ಳಿ. ಕುರುಗೋಡಿನಲ್ಲಿ ನನ್ನ ಸೋದರಮಾವನ ದೇವರ ಕೋಣೆಯಲ್ಲಿ ಅದು ಕೂತಿದೆ, ವಿಭೂತಿ ಬಳಿದುಕೊಂಡು, ರುಮಾಲು ಸುತ್ತಿಕೊಂಡು. ಹೆಸರು ಅಜ್ಜನದು, ಕೆನ್ನೆ ನನ್ನವು. ಮಗಳನ್ನು ಕೊಡುತ್ತೇನೆಂದು ಹೇಳಿ ಮಾವ ಆ ಕೆನ್ನೆಗಳನ್ನು ನನ್ನಿಂದ ಹೊಡೆದುಕೊಂಡ. ಕೆನ್ನೆ ಹೋದವು, ಮಗಳು ಬರಲಿಲ್ಲ.

ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ ನಾನು ಕೆಲಸ ಮಾಡುವ ಮುಲಾಮಿನ ಅಂಗಡಿ ಇದೆ. ಹಿತ್ತಾಳೆಗೆ ಬೆಳ್ಳಿಯ ನೀರು, ಬೆಳ್ಳಿಗೆ ಬಂಗಾರದ ನೀರು ಕುಡಿಸುವುದು ಅಲ್ಲಿಯ ಕಸುಬು. ಎರಡನೆಯ ಮಹಾಯುದ್ಧ ಮುಗಿದು ಮಿಲಿಟರಿಯವರು ತಮ್ಮ ಸಾಮಾನು ಹರಾಜು ಹಾಕಿದಾಗ ನಮ್ಮ ಉಸ್ತಾದರು ಲಾರಿಯ ಬ್ಯಾಟರಿಗಳನ್ನು ತಂದು ಸಾಲಾಗಿ ಕೂರಿಸಿದ್ದರು. ಆ ಬ್ಯಾಟರಿಗಳಿಂದಲೇ ನಮ್ಮ ಊಟ. ನನಗೆ ಬರುವುದು ಎರಡು ವಿದ್ಯೆ: ಸಾಮಾನು ಉಜ್ಜುವುದು, ಮಂದಿಯನ್ನು ಅಣಕಿಸುವುದು. ಮೊದಲನೆಯದಕ್ಕೆ ಸಂಬಳ, ಎರಡನೆಯದಕ್ಕೆ ಏಟು. ಅರ್ಧ ಮಾತು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವ ಬಸ್ ಕಂಡಕ್ಟರ್, ‘ನಾಳೆ ತಪ್ಪದೆ ಕೊಡ್ತೀನಿ’ ಎಂದು ಸುಳ್ಳು ಹೇಳುವ ಮೊದಲು ಕೆಮ್ಮುವ ಉಸ್ತಾದರು, ಅರ್ಜಿ ಓದುವಂತೆ ನಟಿಸುತ್ತ ತೂಕಡಿಸುವ ಕಚೇರಿಯ ಗುಮಾಸ್ತ, ಎಲ್ಲರನ್ನೂ ನಾನು ಕುತ್ತಿಗೆಯ ಮೇಲೆ ಹೊತ್ತು ತಿರುಗುತ್ತೇನೆ. ಯಾರೂ ಸಿಗದ ದಿನ ನನ್ನನ್ನೇ ಅಣಕಿಸಿಕೊಳ್ಳುತ್ತೇನೆ. ಅದು ಸುಲಭ. ಕಿವಿ ಅಗಲ ಮಾಡಿಕೊಂಡು, ಬುದ್ಧಿವಂತನ ಹಾಗೆ ತಲೆ ಆಡಿಸಿದರೆ ಆಯಿತು.

ಆದರೆ ನನ್ನ ಅಣಕಗಳಲ್ಲೆಲ್ಲ ಮೇಲಿನದು ಅವ್ವನ ಅಪ್ಪ, ಕುರುಗೋಡಿನ ಅಜ್ಜ. ಎಡಗೆನ್ನೆಯಲ್ಲಿ ಸದಾ ತಂಬಾಕು. ಅದರ ಭಾರಕ್ಕೆ ತುಟಿಯ ಆ ಕಡೆಯ ತುದಿ ಜೋತುಬಿದ್ದಿತ್ತು. ಬಲಗೆನ್ನೆ ಒಳಕ್ಕೆ ಹೋಗಿ, ಬಲಹುಬ್ಬು ಯಾರೋ ಮೇಲೆ ಎತ್ತಿ ಕಟ್ಟಿದಂತೆ ನಿಂತಿರುತ್ತಿತ್ತು. ಅಜ್ಜನ ಎದುರಿಗೇ ಅಜ್ಜನನ್ನು ಮಾಡಿ ತೋರಿಸಿದರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ, ತಿದ್ದುತ್ತಿದ್ದ.

“ಲೇ, ನಾ ಹಂಗ ಉಗುಳೂದಿಲ್ಲಲೇ. ಮೊದಲು ಯಾರರ ಬರ್ತಾರೇನು ನೋಡ್ತೀನಿ, ಆಮ್ಯಾಲ ಉಗುಳ್ತೀನಿ. ಮತ್ತೊಮ್ಮಿ ಮಾಡು.”

ಹೀಗೆ ಅವನೇ ಕೂತು ಕಲಿಸಿದ ವಿದ್ಯೆ ಅದು. ಫೋಟೋದವನು ಊರಿಗೆ ಬಂದಾಗ ಮಾತ್ರ ಹೊಲಕ್ಕೆ ಓಡಿಹೋಗಿದ್ದ, ಹಾಗಾಗಿ ಅಜ್ಜ ತೀರಿಕೊಂಡ ಮೇಲೆ ಅವನ ಮುಖ ಉಳಿದದ್ದು ಎಲ್ಲರ ನೆನಪಿನಲ್ಲಿ, ಮತ್ತೆ ನನ್ನ ಮುಖದಲ್ಲಿ.

ಶ್ರಾವಣ ಮುಗಿಯುವ ಹೊತ್ತಿಗೆ ಮಾವ ನಮ್ಮ ಮನೆಗೆ ಬಂದ. ಅವ್ವ ಒಗ್ಗರಣೆ ಮಂಡಕ್ಕಿ ಕೊಟ್ಟಳು. ಮಾವ ಒಂದೊಂದೇ ಕಾಳು ಆರಿಸುತ್ತ ಮಾತು ತೆಗೆದ.

“ಅಕ್ಕಾ, ಸಿರುಗುಪ್ಪದಾಗ ಅಕ್ಕಿ ಮಿಲ್ಲಿನ ಸಾಹುಕಾರ್ರ ಮನಿಗೆ ಹೋಗಿದ್ದೆ. ಅವರು ತಮ್ಮ ಹಿರೇರಿಗೆ ಬೆಳ್ಳಿ ಮುಖ ಮಾಡಿಸ್ಯಾರ. ನಾವು ನೋಡಿದ್ರ ನಮ್ಮಪ್ಪಗ ತೆಂಗಿನಕಾಯಿ ಇಡಬೇಕು. ಎಂಥಾ ಮನಷ್ಯಾಗ ಎಂಥಾ ಗತಿ ನೋಡು.”

ಮಾನೌಮಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಪೂಜೆ. ಕಳಸವಿಟ್ಟು, ಹೊಸ ಧೋತರ ಸುತ್ತಿ, ಮೇಲಿನ ತೆಂಗಿನಕಾಯಿಗೆ ರುಮಾಲು ಕಟ್ಟಿ, ತೀರಿಕೊಂಡವರಿಗೆ ಏನು ಇಷ್ಟವೋ ಅದನ್ನೆಲ್ಲ ಮುಂದಿಟ್ಟು ಉಣಬಡಿಸುತ್ತಾರೆ. ಉಳ್ಳವರ ಮನೆಯಲ್ಲಿ ತೆಂಗಿನಕಾಯಿಯ ಜಾಗಕ್ಕೆ ಬೆಳ್ಳಿಯ ಮುಖ.

“ಸೊನಗಾರ್ರ ಹತ್ರ ಹೋದ್ರ ಫೋಟೋ ತಾ ಅಂತಾರ. ಎಲ್ಲಿಂದ ತರ್ಲಿ?” ಎಂದ ಮಾವ ನನ್ನ ಕಡೆ ತಿರುಗಿದ. “ಲೇ ಹುಡುಗ, ನಮ್ಮಪ್ಪನ್ನ ಮಾಡಿ ತೋರ್ಸು.”

ಮಾಡಿದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮಾವನ ಕಣ್ಣಲ್ಲೂ ನೀರು ಬಂತು. ಅದು ಅಸಲಿ ನೀರೋ ಮುಲಾಮೋ ಎಂದು ಆವತ್ತು ನನಗೆ ಅನುಮಾನವೇ ಬರಲಿಲ್ಲ.

“ಇದ ಮುಖ ನನಗ ಬೇಕು. ನಿಮ್ಮ ಉಸ್ತಾದಗ ಹೇಳಿ ಹೆಂಗರ ಮಾಡು. ನಮ್ಮಪ್ಪನ ಮುಖ ನನ್ನ ಮನಿಗೆ ತಂದುಕೊಡು, ನನ್ನ ಮಗಳನ್ನ ನಿನ್ನ ಮನಿಗೆ ಕಳಿಸ್ತೀನಿ.”

ಅವಳು ಹುಟ್ಟಿದಾಗಿನಿಂದ ನನಗೇ ಎಂಬ ಮಾತು ಎರಡೂ ಮನೆಯಲ್ಲಿತ್ತು. ನಾನು ಸಾಲೆ ಬಿಟ್ಟು ಮುಲಾಮಿಗೆ ಸೇರಿದ ಮೇಲೆ ಕುರುಗೋಡಿನ ಕಡೆಯಿಂದ ಆ ಮಾತು ನಿಂತಿತ್ತು. ನಾನು ಅಣಕಿಸಿದರೆ ಅಳುವವರನ್ನು ಕಂಡಿದ್ದೇನೆ, ಬಯ್ಯುವವರನ್ನು ಕಂಡಿದ್ದೇನೆ. ಸೊಂಟದ ಮೇಲೆ ಕೈಯಿಟ್ಟು ತಿರುಗಿ ನನ್ನನ್ನೇ ಅಣಕಿಸಿ, ನನಗಿಂತ ಚೆನ್ನಾಗಿ ಅಣಕಿಸಿ, ನನ್ನ ಬಾಯಿ ಕಟ್ಟಿದವಳು ಅವಳೊಬ್ಬಳೇ. ಅವಳಿಗಾಗಿ ಮಾವ ನನ್ನ ತಲೆಯನ್ನೇ ಕೇಳಿದ್ದರೂ ಕೊಡುತ್ತಿದ್ದೆ. ಅವನು ಕೇಳಿದ್ದು ಮುಂಭಾಗ ಮಾತ್ರ.

ಉಸ್ತಾದರು ಕೇಳಿ ಗಡ್ಡ ಕೆರೆದುಕೊಂಡರು. ಹರೆಯದಲ್ಲಿ ಅವರು ಮದರಾಸಿನ ಒಂದು ಅಚ್ಚುಕೂಟದಲ್ಲಿ ಚಿತ್ರದ ಬ್ಲಾಕು ಮಾಡುವ ಕಡೆ ಇದ್ದವರು. ಅಲ್ಲಿ ಮೇಣದ ಮೇಲೆ ತಾಮ್ರ ಬೆಳೆಸುತ್ತಿದ್ದರಂತೆ.

“ಪಿತ್ತಳಿಗೆ ಬೆಳ್ಳಿ ಕೂಡತೈತಿ. ಮೇಣಕ್ಕ ಯಾಕ ಕೂಡಂಗಿಲ್ಲ ಹೇಳು ಬೇಟಾ?”

“ಮೇಣದಾಗ ಕರೆಂಟ್ ಹರಿಯಂಗಿಲ್ರಿ ಉಸ್ತಾದ್.”

“ಹರಿಯಂಗಿಲ್ಲ. ಅದಕ್ಕ ಅದರ ಮೈಗೆ ಕರಿ ಸೀಸ ಬಳೀಬೇಕು. ಪೆನ್ಸಿಲಿನಾಗ ಇರ್ತೈತಲ್ಲ, ಅದ. ಆಗ ಕರೆಂಟ್ ಮೋಸ ಹೋಗತೈತಿ. ಇದು ಲೋಹ ಅಂತ ತಿಳಕೊಂಡು ಬಂದು ಕೂಡತೈತಿ.” ಆಮೇಲೆ ನನ್ನನ್ನು ದಿಟ್ಟಿಸಿ ಕೇಳಿದರು: “ಹುಡುಗಿ ಕೊಡ್ತೀನಂತ ನಿಮ್ಮ ಮಾವ ಯಾರ ಮುಂದ ಹೇಳ್ಯಾನ?”

“ನನ್ನ ಮುಂದ. ನಮ್ಮವ್ವನ ಮುಂದ.”

“ನಿಮ್ಮವ್ವ ಅವನ ಅಕ್ಕ. ನೀನು ಗಿರಾಕಿ. ಸಾಕ್ಷಿ ಎಲ್ಲಿ ಐತಿ?”

ಈ ಮಾತನ್ನು ನಾನು ಉಸ್ತಾದರ ದನಿಯಲ್ಲೇ, ಕೆಮ್ಮು ಸಮೇತ, ಓಣಿಯಲ್ಲೆಲ್ಲ ಹೇಳಿ ನಗಿಸಿದೆ. ಆ ಮಾತಿನ ಒಳಗೆ ಏನಿತ್ತು ಎಂದು ಮಾತ್ರ ನೋಡಲಿಲ್ಲ. ಅಣಕದವನ ಪಾಡೇ ಅದು, ಮಾತು ಬಾಯಿಗೆ ಹತ್ತುತ್ತದೆ, ತಲೆಗೆ ಹತ್ತುವುದಿಲ್ಲ.

ಅಚ್ಚು ತೆಗೆಯುವ ದಿನ ನನ್ನ ಮುಖಕ್ಕೆ ಕುಸುಬೆ ಎಣ್ಣೆ ಬಳಿದು ಹಲಗೆಯ ಮೇಲೆ ಮಲಗಿಸಿದರು. ಮೂಗಿಗೆ ಔಡಲ ಎಲೆಯ ಪೊಳ್ಳು ದಂಟು. ಎಡದವಡೆಗೆ ತಂಬಾಕಿನ ಬದಲು ಒಂದು ಇಡಿ ಅಡಿಕೆ. “ಈಗ ನಿಮ್ಮಜ್ಜ ಆಗು, ಆಗಿ ಹಂಗ ಇರು” ಎಂದು ಹೇಳಿ, ಕಲಸಿದ ಪ್ಲಾಸ್ಟರನ್ನು ಸುರಿದರು. ಮೊದಲು ತಣ್ಣಗಿತ್ತು. ಗಟ್ಟಿಯಾಗುತ್ತ ಬಂದಂತೆ ಬಿಸಿಯೇರಿತು, ರೊಟ್ಟಿಯ ಹಂಚಿನ ಕೆಳಗೆ ಮುಖ ಇಟ್ಟ ಹಾಗೆ. ಬಲಗೆನ್ನೆಯನ್ನು ಒಳಗೆ ಎಳೆದು ಹಿಡಿದಿದ್ದೆ. ಅಷ್ಟರಲ್ಲಿ ಓಣಿಯಲ್ಲಿ ಗಾಜಿನ ಬಳೆಯವನು ಮೂಗಿನಿಂದ ರಾಗ ಎಳೆಯುತ್ತ ಹೋದ. ಅವನ ಹಿಂದೆಯೇ ಅದೇ ರಾಗ ಎಳೆಯದೆ ನಾನು ಒಂದು ದಿನವೂ ಬಿಟ್ಟವನಲ್ಲ. ಹೊಟ್ಟೆ ಕುಣಿಯತೊಡಗಿತು.

“ನಗಬ್ಯಾಡೋ ಕಂಬಖ್ತ್!” ಉಸ್ತಾದರು ನನ್ನ ಎದೆಯ ಮೇಲೆ ಕೈ ಒತ್ತಿದರು. “ನೀ ನಕ್ರ ನಿಮ್ಮಜ್ಜ ವರ್ಷಾ ವರ್ಷಾ ನಗ್ತಾನ!”

ನಗಲಿಲ್ಲ. ಅವಳನ್ನು ನೆನೆದು ಕೆನ್ನೆ ಕಚ್ಚಿ ಹಿಡಿದೆ. ಅಚ್ಚು ಎತ್ತಿದಾಗ ಅರ್ಧ ಹುಬ್ಬು ಅದರ ಜೊತೆಗೇ ಹೋಯಿತು. ಎಷ್ಟೋ ದಿನ ಬಜಾರಿನಲ್ಲಿ ಮಂದಿ ನನ್ನನ್ನು ಹಿಡಿದು ನಿಲ್ಲಿಸಿ, ಯಾರು ಹೊಡೆದದ್ದು ಎಂದು ಸಂತೋಷದಿಂದ ಕೇಳಿದರು.

ಅಚ್ಚಿನೊಳಗೆ ಮೇಣ ಹೊಯ್ದಾಗ ಹಳದಿ ಬಣ್ಣದ ಮುಖವೊಂದು ಬಂತು, ಕಣ್ಣು ಮುಚ್ಚಿಕೊಂಡು. ಉಸ್ತಾದರು ಚೂರಿಯ ತುದಿಯಿಂದ ಕಣ್ಣು ಬಿಡಿಸಿದರು, ಮೀಸೆ ಎಳೆದರು, ಹಣೆಯಲ್ಲಿ ಸುಕ್ಕು ಗೀರಿದರು. ನಾನು ಎದುರಿಗೆ ಕೂತು ಮತ್ತೆ ಮತ್ತೆ ಅಜ್ಜನಾದೆ. ಆಮೇಲೆ ಕರಿ ಸೀಸದ ಪುಡಿ. ಮೆತ್ತನೆಯ ಕುಂಚದಿಂದ, ಸುಕ್ಕು ಸುಕ್ಕಿನೊಳಗೂ ಇಳಿಯುವಂತೆ ತಿಕ್ಕಿದೆ. ಅಜ್ಜ ಇದ್ದಿಲ ಗುಂಡಿಗೆ ಬಿದ್ದು ಎದ್ದವನಂತೆ ಹೊಳೆದ. ಅಂಚಿಗೆ ತಂತಿ ಕಟ್ಟಿ, ಮೈಲುತುತ್ತ ಕರಗಿಸಿದ ನೀಲಿ ನೀರಿನಲ್ಲಿ ಇಳಿಬಿಟ್ಟೆವು, ಎದುರಿಗೆ ತಾಮ್ರದ ತಗಡು, ಆಚೆ ಬ್ಯಾಟರಿ.

ತಂತಿ ಕಟ್ಟಿದ ಕಡೆಯಿಂದ ತಾಮ್ರ ಶುರುವಾಯಿತು. ಮಗುವಿನ ಅಂಗಾಲಿನ ಬಣ್ಣ. ಕರಿಯ ಮೇಲೆ ಅದು ತೆವಳುತ್ತ ಕಿವಿ ಮುಟ್ಟಿತು, ಗದ್ದ ಮುಟ್ಟಿತು, ಮೂಗು ಹತ್ತಿತು. ಬಲಗೆನ್ನೆಯ ಮೇಲೆ ಮಾತ್ರ ಹೆಬ್ಬೆರಳಿನಷ್ಟು ಜಾಗ ಕಪ್ಪಾಗಿಯೇ ಉಳಿಯಿತು. ಅದು ನನ್ನ ಹೆಬ್ಬೆರಳೇ. ಎಣ್ಣೆಗೈಯಲ್ಲಿ ಪ್ರೀತಿಯಿಂದ ಅಜ್ಜನ ಕೆನ್ನೆ ಸವರಿದ್ದೆ. ಎಣ್ಣೆಯ ಮೇಲೆ ಸೀಸ ನಿಂತಿರಲಿಲ್ಲ, ಸೀಸ ಇಲ್ಲದ ಕಡೆ ತಾಮ್ರ ಸುಳಿಯಲಿಲ್ಲ. ಉಸ್ತಾದರು ಬಯ್ದರು, ತೊಳೆಸಿದರು, ಮತ್ತೆ ಸೀಸ ಹಚ್ಚಿಸಿದರು. ಎರಡನೆಯ ಸಲ ಅಲ್ಲಿಯೂ ಹಿಡಿಯಿತು. ಪೊರೆ ಗಟ್ಟಿಯಾಗುವ ತನಕ ದಿನಗಟ್ಟಲೆ ಬಿಟ್ಟು, ಬಿಸಿನೀರಿಗೆ ಹಾಕಿ ಮೇಣ ಕರಗಿಸಿದೆವು. ತಾಮ್ರದ ಟೊಳ್ಳು ಮುಖ ಕೈಗೆ ಬಂತು. ಬೆನ್ನಿಗೆ ಅರಗು ತುಂಬಿ, ಕೊನೆಗೆ ಬೆಳ್ಳಿಯ ನೀರು ಕೊಟ್ಟರು. ಆ ನೀರು ವಿಷದ್ದು. ಅದರ ಹತ್ತಿರ ಉಸ್ತಾದರು ನನ್ನನ್ನು ಬಿಡಲಿಲ್ಲ.

ಅಮಾವಾಸ್ಯೆಗೆ ಅದನ್ನು ಹಳೆಯ ಧೋತರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕುರುಗೋಡಿಗೆ ಒಯ್ದೆ. ಕಳಸದ ಮೇಲೆ ಕೂರಿಸಿ ರುಮಾಲು ಕಟ್ಟಿದಾಗ ಮನೆಯ ಮಂದಿಯೆಲ್ಲ ಗೊಳೋ ಎಂದರು. ಮಾವ ನನ್ನನ್ನು ಅಪ್ಪಿಕೊಂಡ.

“ಬನ್ನಿ ಹಬ್ಬಕ್ಕ ಅವ್ವನ್ನ ಕರಕೊಂಡು ಬಾ. ಅವತ್ತ ಸಕ್ಕರಿ ಹಂಚೋಣು.”

ಸಕ್ಕರೆ ಹಂಚುವುದೆಂದರೆ ಮದುವೆಯ ಮಾತು ಗಟ್ಟಿಯಾಯಿತೆಂದೇ ಅರ್ಥ. ನಾನು ಹೊಸ ಅಂಗಿ ಹೊಲಿಸಿದೆ. ಅರ್ಧ ಹುಬ್ಬು ಇನ್ನೂ ಬೆಳೆದಿರಲಿಲ್ಲ, ಕಾಡಿಗೆಯಿಂದ ತಿದ್ದಿಕೊಂಡೆ.

ಬನ್ನಿಯ ದಿನ ಮಾವ ನಮ್ಮನ್ನು ಬಾಗಿಲಲ್ಲೇ ಎದುರುಗೊಂಡ. “ಸಿರುಗುಪ್ಪದ ಸಾಹುಕಾರ್ರು ಬರ್ತಾರ. ನೀ ಹಿತ್ತಲಾಗ ಇರು ತಮ್ಮಾ. ಅವರ ಮುಂದ ನಿನ್ನ ಮಂಗ್ಯಾನಾಟ ಬ್ಯಾಡ.” ನ್ಯಾಯದ ಮಾತು ಎನ್ನಿಸಿತು. ಮನೆಯ ಅಳಿಯನಾಗುವವನು ದೊಡ್ಡವರ ಮುಂದೆ ಹಲ್ಲು ಕಿರಿಯಬಾರದು. ಹಿತ್ತಲಿಗೆ ಹೋಗಿ ಎತ್ತಿಗೆ ಮೇವು ಹಾಕಿದೆ, ಬೇಡದಿದ್ದರೂ ಕೊಡಗಳಿಗೆಲ್ಲ ನೀರು ತುಂಬಿಸಿದೆ. ಒಳಗೆ ನಗೆ, ತೆಲುಗು ಮಾತು, ಲೋಟದ ಸದ್ದು.

ಮಾವನ ಮಗಳು ಹೊಸ ಸೀರೆಯುಟ್ಟು ಹಿತ್ತಲಿಗೆ ಬಂದಳು, ಕೈಯಲ್ಲಿ ಖಾಲಿ ತಂಬಿಗೆ. ನನ್ನನ್ನು ನೋಡಿ ನಿಂತಳು.

“ಭಾವ, ನೀ ಯಾಕ ಬಂದಿ?”

“ಸಕ್ಕರಿ ತಿನ್ನಾಕ.”

“ಗೊತ್ತಿದ್ದೂ ಬಂದ್ಯಾ? ಭಾಳ ಗಟ್ಟಿ ಅದೀ ಬಿಡು.”

“ಏನು ಗೊತ್ತಿದ್ದು?”

ಅವಳು ತಂಬಿಗೆ ಕೆಳಗಿಟ್ಟಳು. “ಸಿರುಗುಪ್ಪದಾಗ ಶ್ರಾವಣದಾಗ ಮಾತಾಗೇತಿ. ಮಿಲ್ಲಿನ ಸಾಹುಕಾರ್ರ ಮಗಗ. ಅವರು ಮನಿ ನೋಡಾಕ ಬಂದಾಗ ದೇವರ ಖೋಲ್ಯಾಗ ಬರೇ ತೆಂಗಿನಕಾಯಿ ಕಂಡ್ರ ಏನಂದಾರು ಅಂತ ಅಪ್ಪಗ ಚಿಂತಿ ಹತ್ತಿತ್ತು. ಅದಕ್ಕ ನಿನ್ನ ಕಡೆ ಬಂದಿದ್ದ.”

ಅಂದರೆ ನಮ್ಮ ಮನೆಯಲ್ಲಿ ಮಂಡಕ್ಕಿ ಆರಿಸುತ್ತ ಅತ್ತಾಗಲೇ ಅವನು ಮಗಳನ್ನು ಕೊಟ್ಟು ಬಂದಿದ್ದ. ನಾನು ಪ್ಲಾಸ್ಟರಿನ ಕೆಳಗೆ ಕೆನ್ನೆ ಬಿಗಿಹಿಡಿದು ಮಲಗಿದ್ದು ಅವಳ ಮದುವೆಯ ಮನೆಯನ್ನು ಸಿಂಗರಿಸಲು.

“ನೀ ಏನಂದಿ?” ಎಂದೆ.

“ನನ್ನ ಯಾರು ಕೇಳಿದ್ರು? ನೀನರ ಕೇಳಿದ್ದೇನು? ಅಪ್ಪ ನೀನು ಕೂಡಿ ಅಜ್ಜನ ಮುಖಕ್ಕ ಮಾತಾಡಿಕೊಂಡ್ರಿ.” ತಂಬಿಗೆ ತುಂಬಿಕೊಂಡು ಒಳಗೆ ಹೋದಳು. ಬಾಗಿಲು ದಾಟುವಾಗ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಏನೋ, ನನಗೆ ತಿಳಿಯಲಿಲ್ಲ.

ಕೈ ತೊಳೆಯಲು ಮಾವ ಬಂದ. ನಾನು ನೀರು ಹಾಕಲಿಲ್ಲ.

“ಮಾತು ಕೊಟ್ಟಿದ್ರಿ ಮಾವ.”

ಅವನು ತಾನೇ ನೀರು ಸುರಿದುಕೊಂಡ. ನಾಚಿಕೆ ಪಟ್ಟಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಅವನು ನನ್ನನ್ನು ಕರುಣೆಯಿಂದ ನೋಡಿದ.

“ಕೊಟ್ಟಿದ್ದೆ, ಇಲ್ಲಂದಿಲ್ಲ. ಆದ್ರ ಆ ಮುಖ ಕಳಸದ ಮ್ಯಾಲ ಕುಂತ ಮ್ಯಾಲ ನಿನ್ನ ನೋಡಿದ್ರ ನನಗ ನಮ್ಮಪ್ಪ ಕಂಡಂಗಾಗತೈತಿ. ಪೂಜಿ ಮಾಡೋ ಮುಖ ಅದು. ಅಂಥಾ ಮುಖಕ್ಕ ಹುಡುಗೀನ ಹೆಂಗ ಕೊಡ್ಲಿ? ಆಕೀಗೆ ನೀ ಅಜ್ಜ ಆದಂಗಾತು. ಮಂದಿ ಏನಂದಾರು?”

ನಾನು ತಿರುಗಿದೆ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು.

“ನಿನಗೂ ಗೊತ್ತಿತ್ತೇನವ್ವಾ?”

ಅವ್ವ ಸೆರಗು ಸರಿಮಾಡಿಕೊಂಡಳು. “ಬಂದ ಮಂದಿ ಮುಂದ ನನ್ನ ತವರುಮನಿ ಮರ್ಯಾದಿ ತೆಗೀಬ್ಯಾಡಪ್ಪ. ನಿನ್ನ ಕಾಲು ಬೀಳ್ತೀನಿ.”

ಅವ್ವ ಹಾಗೆ ಹೇಳದೆ ಇದ್ದಿದ್ದರೆ ಬಹುಶಃ ನಾನು ಸುಮ್ಮನೆ ಹೋಗಿಬಿಡುತ್ತಿದ್ದೆ. ಅಡುಗೆಮನೆಯಲ್ಲಿದ್ದ ಅಡಿಕೆಯ ಡಬ್ಬಿಗೆ ಕೈ ಹಾಕಿ, ಒಂದು ಇಡಿ ಅಡಿಕೆಯನ್ನು ಎಡಗೆನ್ನೆಗೆ ತುರುಕಿಕೊಂಡು, ಪಡಸಾಲೆ ದಾಟಿ ನೇರ ದೇವರ ಕೋಣೆಗೆ ನಡೆದೆ. ಸಾಹುಕಾರರು, ಅವರ ಹೆಂಡತಿ, ಮಗ ಎಲ್ಲ ಬೆಳ್ಳಿ ಮುಖದ ಎದುರಿಗೆ ಕೂತಿದ್ದರು. ಹಿಂದೆ ಅಜ್ಜನನ್ನು ಒಂದೆರಡು ಸಲ ಕಂಡಿದ್ದ ಸಾಹುಕಾರರು ಕೇಳುತ್ತಿದ್ದರು, ಇಷ್ಟು ಹೋಲುವಂತೆ ಹೇಗೆ ಮಾಡಿಸಿದಿರಿ ಎಂದು. ನನ್ನ ಹಿಂದೆಯೇ ಓಡಿಬಂದ ಮಾವ ಏದುಸಿರಿನಲ್ಲೇ ಹೇಳಿದ: “ಅಪ್ಪ ಇದ್ದಾಗನ ಮದ್ರಾಸಿನಿಂದ ಮಂದಿ ಕರಿಸಿ ಅಚ್ಚು ತೆಗಿಸಿದ್ದೆ.”

ನಾನು ಕಳಸದ ಪಕ್ಕದಲ್ಲಿ, ಬೆಳ್ಳಿಯ ಮುಖಕ್ಕೆ ನನ್ನ ಮುಖ ತಾಗುವಂತೆ ಮಂಡಿಯೂರಿ ಕೂತು, ಬಲಗೆನ್ನೆ ಒಳಗೆಳೆದು, ತುಟಿ ಜೋತುಬಿಟ್ಟು, ಹುಬ್ಬು ಎತ್ತಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಅಜ್ಜನಾಗಿರಲಿಲ್ಲ. ಮಾವ ಬನ್ನಿಯ ತಟ್ಟೆ ಎತ್ತಿ ಸಾಹುಕಾರರ ಮುಂದೆ ಹಿಡಿದ. ಈ ಮುಖ ಇವನದೇ ಎಂದು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ.

ಸಾಹುಕಾರರು ಬೆಳ್ಳಿಯ ಮುಖವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಹೊಟ್ಟೆ ಕುಣಿಸಿ ನಕ್ಕರು.

“ಹಿರೇರನ್ನ ಅಣಕ ಮಾಡಾಕತ್ತಾನ! ಛಲೋ ಮಾಡ್ತೀಯಪ್ಪ. ಆದ್ರ ಎಲ್ಲಿ ಹೋಲತೈತಿ? ಅಲ್ಲಿ ನೋಡು ಕೆನ್ನಿ ಅಂದ್ರ ಹೆಂಗೈತಿ, ಅಚ್ಚು ಗುದ್ದಿನಟ್ಟು!” ಅಚ್ಚೊತ್ತಿದ ಹಾಗೆ ಎಂದು ತೆಲುಗಿನಲ್ಲಿ ಹೇಳಿ, ಕೈಮುಗಿದದ್ದು ಬೆಳ್ಳಿಗೆ.

“ಈ ಹುಡುಗನ ಕೆನ್ನಿ ಭಾಳ ಸಣ್ಣವು ಬಿಡ್ರಿ,” ಎಂದರು ಅವರ ಹೆಂಡತಿ. “ಹಿರೇರ ಕಳಿ ಹೆಂಗ ಬಂದೀತು?”

ಎಲ್ಲರೂ ನಕ್ಕರು. ಮಾವನೂ ನಕ್ಕ, ಅವನ ಉಸಿರು ಹಿಂದಕ್ಕೆ ಬಂದಿತ್ತು. ನಾನು ಎದ್ದು ಅವನ ಕಿವಿಯ ಹತ್ತಿರ ಹೋದೆ.

“ಹೋಲಂಗಿಲ್ಲಂತ ಮಾವ. ಈಗರ ಕೊಡ್ತೀರೇನು?”

ಮಾವ ತಟ್ಟೆ ಹಿಡಿದುಕೊಂಡೇ, ನಗುಮುಖದಲ್ಲೇ, ನನ್ನ ಕಿವಿಗೆ ಹೇಳಿದ: “ಹೋಲಂಗಿಲ್ಲಂದ್ರ ನಮ್ಮಪ್ಪನ ಮುಖ ನೀ ಮಾಡಿಲ್ಲ ಅಂತಾತು. ಮಾತು ಅಲ್ಲಿಗೇ ಮುಗೀತಲ್ಲೋ.”

“ತಪ್ಪಾತು ಅಂತ ಹಿರೇರಿಗೆ ಅಡ್ಡಬೀಳಪ್ಪ,” ಎಂದರು ಸಾಹುಕಾರರು, ಒಳ್ಳೆಯ ಮನಸ್ಸಿನಿಂದಲೇ.

ಬಾಗಿಲಲ್ಲಿ ಅವ್ವ ಕಣ್ಣಲ್ಲೇ ಬೇಡುತ್ತಿದ್ದಳು. ನಾನು ಅಡ್ಡಬಿದ್ದೆ. ಹಣೆ ನೆಲಕ್ಕೆ ತಾಗಿದಾಗ ಬಾಯಲ್ಲಿದ್ದ ಅಡಿಕೆ ಉರುಳಿ ಹೊರಗೆ ಬಿತ್ತು. ಅದಕ್ಕೂ ಒಂದು ನಗೆ ಎದ್ದಿತು. ತಲೆಯೆತ್ತಿದರೆ ನನ್ನ ಕೆನ್ನೆಗಳು ಮೇಲಿನಿಂದ ನನ್ನನ್ನು ನೋಡುತ್ತಿದ್ದವು, ಗುರುತೇ ಇಲ್ಲದವರ ಹಾಗೆ.

ಸಕ್ಕರೆಯ ತಟ್ಟೆ ಹಿಡಿದು ಅವಳು ಸಾಲಾಗಿ ಹಂಚುತ್ತ ಬಂದಳು. ಸಾಹುಕಾರರಿಗೆ, ಅವರ ಹೆಂಡತಿಗೆ, ತಲೆ ತಗ್ಗಿಸಿದ ಆ ಹುಡುಗನಿಗೆ, ನನಗೆ. ಎಲ್ಲರಿಗೂ ಹಾಕಿದಷ್ಟೇ ನನ್ನ ಅಂಗೈಗೂ ಹಾಕಿದಳು. ಮುಷ್ಟಿ ಮುಚ್ಚಿಕೊಂಡು ಹಿತ್ತಲಿಗೆ ಹೋದೆ. ಬೆವರಿಗೆ ಸಕ್ಕರೆ ಆಗಲೇ ಅಂಟಾಗಿತ್ತು. ಮಾವನ ಎತ್ತಿಗೆ ಕೈ ಚಾಚಿದೆ. ಅದು ಬೆರಳ ಸಂದಿಯನ್ನೂ ಬಿಡದೆ ನೆಕ್ಕಿತು. ಕೈ ತೊಳೆದುಕೊಂಡು, ಅವ್ವನಿಗೂ ಹೇಳದೆ, ಹಿಂದಿನ ಬಾಗಿಲಿನಿಂದ ಬಳ್ಳಾರಿಯ ಬಸ್ಸಿಗೆ ನಡೆದೆ.